ಹದಿನಾಲ್ಕು ಗುಂಡುಸೂಜಿ

ಸೂಜಿಯಮ್ಮನ ಹೊಲಿಗೆ ಎಷ್ಟು ಒತ್ತಾಗಿರುತ್ತಿತ್ತೆಂದರೆ, ಗಾಳಿ ಕೂಡ ಒಳಗೆ ನುಸುಳಬೇಕಾದರೆ ಅವಳ ಅಪ್ಪಣೆ ಕೇಳಬೇಕಿತ್ತು. ಇದು ಸುಳ್ಳಲ್ಲ. ಮೂವತ್ತೊಂದು ವರ್ಷ ಅವಳು ಹೊಲಿದದ್ದು ಆಕಾಶಕ್ಕೆ ಹೋಗುವವರ ಉಡುಪು. ಅಲ್ಲಿ ಮೇಲೆ ಒಂದು ಹೊಲಿಗೆ ಬಿಟ್ಟುಕೊಂಡರೆ ತೊಟ್ಟವನ ಉಸಿರು ಬಲೂನಿನ ಗಾಳಿಯ ಹಾಗೆ ಪುಸ್ಸೆಂದು ಹೋಗುತ್ತದೆ. ಅಂಥ ಕೈ ಇಟ್ಟುಕೊಂಡು ಅವಳು ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಳು ನೋಡಿ, ಮನೆಯವರ ಉಸಿರು ಹೋಯಿತು.

ಕೆಲಸ ಹೋದದ್ದು ಹೀಗೆ. ಒಂದು ಮಧ್ಯಾಹ್ನ ಟೀವಿಯಲ್ಲಿ ಕೋಟು ಹಾಕಿದವನೊಬ್ಬ ಬಂದು, ಇನ್ನು ಮೇಲೆ ಈ ದೇಶದಿಂದ ಮನುಷ್ಯರು ಆಕಾಶಕ್ಕೆ ಹೋಗುವುದಿಲ್ಲ, ಯಂತ್ರಗಳು ಮಾತ್ರ ಹೋಗುತ್ತವೆ ಎಂದ. ಯಂತ್ರಕ್ಕೆ ಅಂಗಿ ಬೇಡ. ಬಸ್ಸೂ ಬೇಡ. ಆ ಒಂದು ಮಾತಿಗೆ ಒಂದೇ ಮನೆಯ ಎರಡು ಕೆಲಸ ಬಿದ್ದವು. ಉಡುಪಿನ ಕೋಣೆಯಲ್ಲಿ ಸೂಜಿಯಮ್ಮನದು ಒಂದು. ಯಾತ್ರಿಗಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ರಾಕೆಟ್ಟಿನ ಬುಡದವರೆಗೆ ಬಿಟ್ಟುಬರುತ್ತಿದ್ದ ಅವಳ ಮಗನದು ಇನ್ನೊಂದು. ಉಳಿದದ್ದು ಸೊಸೆಯ ಹೊಲಿಗೆ ಮಿಷನ್ ಒಂದೇ. ಮುಂದಿನ ಕೋಣೆಯಲ್ಲಿ ಅದನ್ನಿಟ್ಟುಕೊಂಡು ಅವಳು ಬೀದಿಯವರ ಪರದೆ, ದಿಂಬಿನ ಚೀಲ, ಶಾಲೆ ಮಕ್ಕಳ ಚಡ್ಡಿ ಹೊಲಿಯುತ್ತಿದ್ದಳು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ. ಸೊಸೆಯ ಕಾಲ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಶುರುವಾಯಿತು.

“ಅತ್ತೆ, ಹಾಗೆ ಗೋಡೆ ನೋಡ್ಕೊಂಡು ಕೂತ್ರೆ ಗೋಡೆಗೂ ಬೇಜಾರಾಗುತ್ತೆ. ಈ ದಿಂಬಿನ ಚೀಲ ತಗೊಳ್ಳಿ, ಅಂಚು ಮಡಚಿ ಕೊಡಿ.”

ಸೂಜಿಯಮ್ಮ ಒಂದು ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿದಳು. “ಇದನ್ನ ಯಾರು ಹೊಲಿದಿದ್ದು?”

“ನಾನೇ.”

“ಕಣ್ಣು ಮುಚ್ಕೊಂಡಾ?”

“ದಿಂಬಿನ ಚೀಲ ಅತ್ತೆ ಅದು. ದಿಂಬೇನು ಉಸಿರಾಡುತ್ತಾ?”

“ಅದರ ಮೇಲೆ ಮಲಗೋನು ಉಸಿರಾಡ್ತಾನಲ್ಲ.”

ಸೊಸೆ ಮಾರುಕಟ್ಟೆಗೆ ಹೋಗಿ ಆಲೂಗಡ್ಡೆ, ಈರುಳ್ಳಿ ತರುವಷ್ಟರಲ್ಲಿ ಹನ್ನೆರಡು ಚೀಲವೂ ಬಿಚ್ಚಿಹೋಗಿದ್ದವು. ಸೂಜಿಯಮ್ಮ ಅವನ್ನು ಮತ್ತೆ ಹೊಲಿಯಲು ಕೂತಳು. ಮೂರು ದಿನಕ್ಕೆ ಎರಡು ಚೀಲ ಮುಗಿದವು. ಆ ಎರಡರಲ್ಲಿ ನೀರು ತುಂಬಿ ನೇತುಹಾಕಿದ್ದರೆ ಒಂದು ಹನಿ ಕೆಳಗೆ ಬೀಳುತ್ತಿರಲಿಲ್ಲ. ಆದರೆ ಗಿರಾಕಿಗೆ ಬೇಕಾದದ್ದು ಹನ್ನೆರಡು ದಿಂಬು, ಎರಡು ಕೊಡ ಅಲ್ಲ. ಅವನು ಬೈದು ಬಟ್ಟೆ ವಾಪಸ್ಸು ತೆಗೆದುಕೊಂಡು ಹೋದ.

ಇದಾದರೂ ಸಹಿಸಬಹುದಿತ್ತು. ಗುಂಡುಸೂಜಿಯ ಕಾಟ ಮಾತ್ರ ಯಾರಿಗೂ ತಡೆಯಲಾಗಲಿಲ್ಲ.

ಉಡುಪಿನ ಕೋಣೆಯಲ್ಲಿ ಒಂದು ಕಟ್ಟಳೆ ಇತ್ತು. ಒಬ್ಬೊಬ್ಬರಿಗೆ ಹದಿನಾಲ್ಕು ಗುಂಡುಸೂಜಿ, ತಲೆಗೆ ಕೆಂಪು ಬಣ್ಣ. ಬೆಳಿಗ್ಗೆ ಎಣಿಸಿ ತಗೋಬೇಕು, ಸಂಜೆ ಎಣಿಸಿ ಕೊಡಬೇಕು. ಒಂದು ಕಮ್ಮಿಯಾದರೂ ಅದು ಸಿಗುವತನಕ ಬಾಗಿಲು ತೆರೆಯುವಂತಿಲ್ಲ, ದೊಡ್ಡ ಅಧಿಕಾರಿಯಾದರೂ ಅಷ್ಟೆ. ಕೋಣೆ ಮುಚ್ಚಿದ ದಿನ ಸೂಜಿಯಮ್ಮ ತನ್ನ ಹದಿನಾಲ್ಕನ್ನು ತಗಡಿನ ಡಬ್ಬಿಯಲ್ಲಿ ಮನೆಗೆ ತಂದಳು. ಕಟ್ಟಳೆಯನ್ನೂ ಜೊತೆಗೇ ತಂದಳು.

ಒಂದು ಸಂಜೆ ತಟ್ಟೆ ಹಾಕಿಯಾಗಿತ್ತು, ಬೇಯಿಸಿದ ಆಲೂಗಡ್ಡೆಯಿಂದ ಹಬೆ ಏಳುತ್ತಿತ್ತು. ಸೂಜಿಯಮ್ಮ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತಳು.

“ಹದಿಮೂರೇ ಇದೆ. ಯಾರೂ ಈ ಕೋಣೆ ಬಿಟ್ಟು ಅಲ್ಲಾಡ್ಬಾರ್ದು.”

“ಅತ್ತೆ, ಊಟ ಆರ್ತಿದೆ.”

“ಆರಲಿ. ಒಂದು ಗುಂಡುಸೂಜಿ ಉಡುಪಿನೊಳಗೆ ಉಳ್ಕೊಂಡ್ರೆ ಏನಾಗುತ್ತೆ ಗೊತ್ತಾ?”

ಹದಿನೈದು ವರ್ಷದ ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ಹೇಳಿದಳು, “ಅಜ್ಜಿ, ಈ ಮನೇಲಿ ಯಾರೂ ಆಕಾಶಕ್ಕೆ ಹೋಗ್ತಿಲ್ಲ. ನೀನು ಕಕ್ಕಸಿಗೂ ಬಿಡ್ತಿಲ್ಲ.”

ಎಲ್ಲರೂ ನೆಲ ಗುಡಿಸಿದರು. ಹಾಸಿಗೆ ಒದರಿದರು. ಮಿಷನ್ನಿನ ಹೊಟ್ಟೆ ಬಿಚ್ಚಿ ನೋಡಿದರು. ಆಲೂಗಡ್ಡೆ ಕಲ್ಲಾಯಿತು. ಸಾಕಾಗಿಹೋದ ಮಗ ಕುರ್ಚಿಯ ಮೇಲೆ ಧೊಪ್ಪನೆ ಕೂತ. ಕೂತಷ್ಟೇ ಬೇಗ “ಅಯ್ಯಯ್ಯೋ!” ಎಂದು ಎದ್ದ.

“ಹದಿನಾಲ್ಕು,” ಎಂದಳು ಸೂಜಿಯಮ್ಮ. “ಈಗ ಬಡಿಸು.”

ಸೊಸೆ ಗಂಡನ ಕಡೆ ತಿರುಗಿದಳು. “ನೋಡ್ರೀ, ನಿಮ್ಮಮ್ಮ ಈ ಮನೇಲಿರಬೇಕು, ಇಲ್ಲಾ ನಾನಿರಬೇಕು.”

“ಇಬ್ರೂ ಇರಿ. ನಾನು ಹೋಗ್ತೀನಿ,” ಎಂದ ಮಗ, ಹಿಂಭಾಗ ತಿಕ್ಕಿಕೊಳ್ಳುತ್ತಾ.

ಅವನು ನಿಜವಾಗಿಯೂ ಹೋದ, ಕೆಲಸ ಹುಡುಕಲು. ಸಿಕ್ಕಿತು ಕೂಡ. ರಾಕೆಟ್ಟು ಬಿಡುತ್ತಿದ್ದ ಮೈದಾನದ ಪಕ್ಕದಲ್ಲಿ ಯಾತ್ರಿಗಳು ಉಳಿದುಕೊಳ್ಳುತ್ತಿದ್ದ ಕಟ್ಟಡವನ್ನು ಯಾರೋ ಕೊಂಡು ಹೋಟೆಲು ಮಾಡುತ್ತಿದ್ದರು. ಅಲ್ಲಿ ಸಪ್ಲೈಯರ್ ಕೆಲಸ. ಯಾವ ಬಾಗಿಲಲ್ಲಿ ಬಸ್ಸು ತಂದು ನಿಲ್ಲಿಸುತ್ತಿದ್ದನೋ ಅದೇ ಬಾಗಿಲಲ್ಲಿ ಇನ್ನು ತಟ್ಟೆ ಹಿಡಿದು ನಿಲ್ಲಬೇಕು. ಮೂರನೇ ದಿನ ಆ ಹೋಟೆಲಿನ ಮ್ಯಾನೇಜರೇ ಮನೆಗೆ ಬಂದ. ದಪ್ಪ ಮೀಸೆ, ಎರಡು ಕೈಗೂ ಗಡಿಯಾರ.

“ಅಮ್ಮಾ, ನಮ್ಮಲ್ಲಿ ಇಪ್ಪತ್ತನಾಲ್ಕು ಜನ ಸಪ್ಲೈಯರುಗಳು. ಎಲ್ರಿಗೂ ಯಾತ್ರಿಗಳ ಉಡುಪೇ ಬೇಕು. ಕೇಸರಿ ಬಣ್ಣ, ಕೊರಳಿಂದ ಕಾಲವರೆಗೆ ಒಂದೇ ತುಂಡು, ಮುಂದೆ ಜಿಪ್ಪು. ಊಟ ತಂದಿಡೋನು ಈಗಷ್ಟೇ ಚಂದ್ರನಿಂದ ಇಳಿದು ಬಂದ ಹಾಗಿರಬೇಕು. ನಿಮ್ಮನ್ನ ಬಿಟ್ಟು ಇದನ್ನ ಇನ್ಯಾರು ಹೊಲೀತಾರೆ?”

ಸೂಜಿಯಮ್ಮ ಬಾಯಿ ತೆರೆಯುವ ಮೊದಲೇ ಸೊಸೆ ಒಪ್ಪಿಕೊಂಡಾಗಿತ್ತು. “ಅಳತೆ ಮತ್ತೆ ಕತ್ತರಿ ಅತ್ತೇದು, ಮಿಷನ್ ನಂದು. ಇಪ್ಪತ್ತು ದಿನದಲ್ಲಿ ಕೊಡ್ತೀವಿ ಸಾರ್.”

“ನನ್ನನ್ನ ಕೇಳಿದ್ಯೇನೇ?” ಎಂದಳು ಸೂಜಿಯಮ್ಮ, ಅವನು ಹೋದ ಮೇಲೆ.

“ದಿಂಬಿನ ಚೀಲ ಬಿಚ್ಚುವಾಗ ನೀವು ನನ್ನನ್ನ ಕೇಳಿದ್ರಾ?”

ಅಳತೆಗೆ ಇಪ್ಪತ್ತನಾಲ್ಕು ಜನ ಬಂದರು. ಸೂಜಿಯಮ್ಮ ಒಂದು ಕುರ್ಚಿಯನ್ನು ಬೆನ್ನು ಕೆಳಗಾಗಿ ನೆಲದ ಮೇಲೆ ಮಲಗಿಸಿದಳು. ಬಂದವರನ್ನು ಅದರಲ್ಲಿ ಒಬ್ಬೊಬ್ಬರಾಗಿ ಮಲಗಿಸಿ, ಕಾಲು ಮಡಿಸಿ ಮೇಲೆತ್ತಿಸಿ, ಮೊಣಕಾಲು ಎದೆಯ ಹತ್ತಿರ ತರಿಸಿ ಟೇಪು ಹಿಡಿದಳು. ಮೂವತ್ತೊಂದು ವರ್ಷ ಅವಳು ಅಳತೆ ತೆಗೆದದ್ದೇ ಹೀಗೆ.

“ಅಜ್ಜಿ, ಇದು ಹಲ್ಲು ಕೀಳೋ ಅಂಗಡೀನಾ?” ಎಂದ ಒಬ್ಬ ದಪ್ಪನೆಯವ, ಕಾಲು ಮೇಲೆ ಮಾಡಿಕೊಂಡು.

“ಬಾಯಿ ಮುಚ್ಚದೇ ಇದ್ರೆ ಅದನ್ನೂ ಮಾಡ್ತೀನಿ.”

ಸೊಸೆ ಮಿಷನ್ನಿನ ಹಿಂದಿನಿಂದ ಇದನ್ನೆಲ್ಲ ನೋಡುತ್ತಿದ್ದಳು. ದೊಡ್ಡ ಕೆಲಸದವರ ರೀತಿಯೇ ಬೇರೆ ಇರಬಹುದು ಅಂದುಕೊಂಡಳು. ಅವಳಿಗೆ ಅತ್ತೆಯ ಮೇಲೆ ನೂರು ಸಿಟ್ಟಿದ್ದರೂ ಅತ್ತೆಯ ಕತ್ತರಿಯ ಮೇಲೆ ಅನುಮಾನ ಇರಲಿಲ್ಲ.

ಇಪ್ಪತ್ತು ದಿನ ಇಬ್ಬರೂ ಹೊಲಿದರು, ಇಪ್ಪತ್ತು ದಿನ ಜಗಳವಾಡಿದರು. ಒಂದು ಬೆರಳಗಲಕ್ಕೆ ಎಷ್ಟು ಹೊಲಿಗೆ ಎನ್ನುವುದೇ ದಿನದ ಜಗಳ. ಸೊಸೆ ಹತ್ತು ಅಂದರೆ ಸೂಜಿಯಮ್ಮ ಇಪ್ಪತ್ತು ಅನ್ನುವಳು. ಒಲೆ ಹಚ್ಚಲು ಪುರುಸೊತ್ತಿಲ್ಲದೆ ಮೊಮ್ಮಗಳು ಎರಡು ಹೊತ್ತೂ ಮೊಟ್ಟೆ ಬೇಯಿಸಿದಳು. “ಇನ್ನೊಂದು ವಾರ ಹೀಗೇ ಆದ್ರೆ ನಾವೆಲ್ಲ ಕೊಕ್ಕೊಕ್ಕೋ ಅಂತೀವಿ,” ಎಂದಳು. ಯಾರೂ ನಗಲಿಲ್ಲ. ದಾರದ ತುದಿ ಬಾಯಲ್ಲಿಟ್ಟುಕೊಂಡವರು ನಗುವುದಾದರೂ ಹೇಗೆ?

ಇಪ್ಪತ್ತೊಂದನೇ ದಿನ ಸಪ್ಲೈಯರುಗಳು ಬಂದು, ಮನೆಯಲ್ಲಿ ಜಾಗ ಸಾಲದೆ ಬೀದಿಯಲ್ಲೇ ಉಡುಪು ತೊಟ್ಟರು. ಜಿಪ್ಪು ಎಳೆದುಕೊಂಡರು. ಎಳೆದುಕೊಂಡವರು ಎಳೆದುಕೊಂಡ ಹಾಗೆ ಮುಂದಕ್ಕೆ ಬಾಗಿದರು. ಮೇಲೇಳಲು ನೋಡಿದರು, ಆಗಲಿಲ್ಲ. ಇಪ್ಪತ್ತನಾಲ್ಕು ಜನ ಕೇಸರಿ ಬಣ್ಣದಲ್ಲಿ ಸಾಲಾಗಿ ಬಗ್ಗಿ ನಿಂತದ್ದನ್ನು ನೋಡಿ, ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ಇಳಿದು, “ಏನು ಬಿದ್ದೋಯ್ತು?” ಎಂದು ತಾನೂ ಬಗ್ಗಿ ಹುಡುಕತೊಡಗಿದ.

ಸೊಸೆ ತಲೆಯ ಮೇಲೆ ಕೈ ಹೊತ್ತಳು. “ಅತ್ತೆ! ಏನ್ ಮಾಡಿಟ್ರಿ! ನನ್ನ ಮೇಲಿನ ಸಿಟ್ಟನ್ನ ಬಟ್ಟೆ ಮೇಲೆ ತೀರಿಸ್ಕೊಂಡ್ರಾ?”

ಸೂಜಿಯಮ್ಮನ ಕೈಯಲ್ಲಿದ್ದ ಟೇಪು ನೆಲಕ್ಕೆ ಬಿತ್ತು. ಯಾತ್ರಿಗಳು ರಾಕೆಟ್ಟಿನೊಳಗೆ ಮಲಗುತ್ತಾರೆ, ಮೊಣಕಾಲು ಮಡಿಸಿ ಅಂಗಾತ. ಉಡುಪು ಆ ಮಲಗಿದ ಮೈಗೆ ಸರಿಹೋಗಬೇಕು. ಅದಕ್ಕೇ ಅದರ ಮುಂಭಾಗ ಗಿಡ್ಡ, ಬೆನ್ನು ಉದ್ದ. ನಿಂತ ಮನುಷ್ಯನಿಗೆಂದು ಮೂವತ್ತೊಂದು ವರ್ಷದಲ್ಲಿ ಅವಳು ಒಂದು ಬಟ್ಟೆಯನ್ನೂ ಕತ್ತರಿಸಿರಲಿಲ್ಲ.

“ಮಲಗಿದೋರಿಗೆ ಹೊಲಿದುಬಿಟ್ಟೆ ಕಣೇ,” ಎಂದಳು. ಸೊಸೆಯ ಜೊತೆ ಅವಳು ಮೆತ್ತಗೆ ಮಾತಾಡಿದ್ದು ಅದೇ ಮೊದಲು. “ಒಳಗಡೆ ಎರಡು ಬೆರಳು ಬಟ್ಟೆ ಬಿಟ್ಟಿದ್ದೀನಿ. ಎಲ್ರೂ ಬಿಚ್ಚಿಕೊಡಿ ಕಣ್ರೋ, ನಾಲ್ಕು ದಿನದಲ್ಲಿ ಎಲ್ಲಾ ನೆಟ್ಟಗೆ ಮಾಡ್ತೀನಿ.”

ಅಷ್ಟರಲ್ಲಿ ಮ್ಯಾನೇಜರ್ ಕಾರಿನಿಂದ ಇಳಿದ. ಬಗ್ಗಿ ನಿಂತ ಸಾಲನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದ. ಸೊಸೆ ಕಣ್ಣು ಮುಚ್ಚಿಕೊಂಡಳು.

“ಆಹಾ!” ಎಂದ ಮ್ಯಾನೇಜರ್. “ಟೀವೀಲಿ ಬಸ್ಸಿನ ಕಡೆ ಹೋಗುವಾಗ ಯಾತ್ರಿಗಳು ಹೀಗೇ ಅಲ್ವಾ ನಡೀತಿದ್ದದ್ದು? ಥೇಟ್ ಹೀಗೇ! ಅದೂ ಅಲ್ದೆ, ಗಿರಾಕಿ ಮುಂದೆ ಬಗ್ರೋ ಬಗ್ರೋ ಅಂತ ಇಪ್ಪತ್ತು ವರ್ಷದಿಂದ ಬಾಯಿ ಬಡ್ಕೋತಿದ್ದೀನಿ. ಒಬ್ಬ ನನ್ಮಗನೂ ಬಗ್ಗಲಿಲ್ಲ. ಅಮ್ಮಾ, ನಿಮ್ಮ ಕೈಗೆ ಚಿನ್ನದ ಬಳೆ ಹಾಕಬೇಕು.”

“ತಪ್ಪಾಗಿದೆ ಸ್ವಾಮಿ. ಸರಿ ಮಾಡಿಕೊಡ್ತೀನಿ,” ಎಂದಳು ಸೂಜಿಯಮ್ಮ.

“ಮುಟ್ಟಬೇಡಿ! ಒಂದು ದಾರ ಎಳೀಬೇಡಿ!”

“ಅವರು ಬಾಗ್ತಿದ್ದದ್ದು ಬಾಗಿಲಿಂದ ಬಸ್ಸಿಗೆ, ನಲವತ್ತು ಹೆಜ್ಜೆ. ಆಮೇಲೆ ಮಲಗಿ ಮೇಲಕ್ಕೆ ಹೋಗ್ತಿದ್ರು. ಇವ್ರು ದಿನಾ ಪೂರ್ತಿ ಹೀಗಿರಬೇಕಾ?”

“ದಿನಾ ಪೂರ್ತಿ ಅಲ್ಲಮ್ಮಾ. ಮಧ್ಯಾಹ್ನ ಅರ್ಧ ಗಂಟೆ ಬಿಡುವಿದೆ.”

ಸೊಸೆಗೆ ಇದು ಕುರುಡನಿಗೆ ಕಣ್ಣು ಬಂದ ಹಾಗಾಯಿತು. ಮುಂದಿನ ತಿಂಗಳು ಇನ್ನೊಂದು ಹೋಟೆಲಿಗೂ ಇಂಥವೇ ಬೇಕೆಂದ ಮ್ಯಾನೇಜರ್. ಅಂದು ಒಲೆಯ ಮೇಲೆ ಬಹಳ ದಿನಕ್ಕೆ ಕೋಳಿ ಬೆಂದಿತು. ಸೂಜಿಯಮ್ಮ ಮುಟ್ಟಲಿಲ್ಲ.

“ಯಾಕತ್ತೆ, ಉಪ್ಪು ಕಮ್ಮೀನಾ?”

“ಬಗ್ಗಿಸಿ ದುಡಿದ ಅನ್ನ ನನಗೆ ಬೇಡ.”

“ಅಬ್ಬಾ! ನೆಟ್ಟಗೆ ನಿಂತು ದುಡಿದದ್ದು ಎಲ್ಲಿದೆ ತೋರ್ಸಿ, ಅದನ್ನೇ ಬಡಿಸ್ತೀನಿ.”

“ಮೂವತ್ತೊಂದು ವರ್ಷ ಈ ಮನೇನ ಆ ದುಡಿಮೇನೇ ಸಾಕಿತ್ತು. ನಿನ್ನ ಮಿಷನ್ನೂ ಅದರಲ್ಲೇ ಬಂದಿದ್ದು.”

“ಹಾಗಾದ್ರೆ ಎತ್ಕೊಂಡ್ಹೋಗಿ ಮಿಷನ್ನ! ಆಕಾಶಕ್ಕೇ ಎತ್ಕೊಂಡ್ಹೋಗಿ!”

“ಇಬ್ರೂ ಸುಮ್ನಿರ್ತೀರಾ?” ಎಂದ ಮಗ. “ಉಣ್ಣಕ್ಕಾದ್ರೂ ಬಿಡಿ.”

ಹೋಟೆಲು ತೆರೆಯಿತು. ಜನ ಮುಗಿಬಿದ್ದರು. ಬಗ್ಗಿದ ಸಪ್ಲೈಯರುಗಳ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಮಗ ಮೊದಲ ದಿನ ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಂಡ. ಎರಡನೇ ವಾರಕ್ಕೆ ಎಣ್ಣೆ ಕೇಳುವುದನ್ನು ಬಿಟ್ಟ. ಮೂರನೇ ವಾರ ಸೂಜಿಯಮ್ಮ ಗಮನಿಸಿದಳು: ಉಡುಪು ಬಿಚ್ಚಿ ಮೊಳೆಗೆ ನೇತುಹಾಕಿದ ಮೇಲೂ ಅವನು ಬಗ್ಗಿಯೇ ಓಡಾಡುತ್ತಿದ್ದ. ಬಸ್ಸಿನ ಚಕ್ರ ಹಿಡಿದಾಗ ತಲೆ ಮೇಲಿನ ತಗಡಿಗೆ ತಾಗುತ್ತದೆ ಎಂದು ಗೊಣಗುತ್ತಿದ್ದ ಆಳು ಅವನು.

ಆ ಭಾನುವಾರ ಊಟದ ಹೊತ್ತಿಗೆ ಅವನು ಮೇಜಿನ ಪಕ್ಕ ಕೈ ಕಟ್ಟಿ ನಿಂತು, ತಲೆ ತಗ್ಗಿಸಿ, ತನ್ನ ಮಗಳನ್ನೇ ಕೇಳಿದ, “ಏನ್ ತರ್ಲಿ?”

ಮೊಮ್ಮಗಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಕಿಸಕ್ಕೆಂದು ನಕ್ಕು, “ಎರಡು ಟೀ, ಒಂದಕ್ಕೆ ಸಕ್ಕರೆ ಬೇಡ,” ಎಂದಳು. ಸೊಸೆಯೂ ನಕ್ಕಳು. ಮಗನೂ ನಕ್ಕ. ಸೂಜಿಯಮ್ಮ ಮಾತ್ರ ನಗಲಿಲ್ಲ. ಮೊಳೆಯಲ್ಲಿ ನೇತಾಡುತ್ತಿದ್ದ ಉಡುಪನ್ನು ನೋಡಿದಳು. ನೇತಾಡುವಾಗಲೂ ಅದು ಬಗ್ಗಿಯೇ ಇತ್ತು.

ಮಂಗಳವಾರ ಅವನಿಗೆ ರಜೆ. ಉಡುಪು ಒಗೆದು ಒಣಗಿತ್ತು. ಸೊಸೆ ಗುಂಡಿ ತರಲು ಹೋದಾಗ ಸೂಜಿಯಮ್ಮ ಅದರ ಮುಂಭಾಗ ಬಿಚ್ಚಿ, ಮಡಿಸಿಟ್ಟ ಎರಡು ಬೆರಳು ಬಟ್ಟೆಯನ್ನು ಹೊರಗೆ ತಂದು, ಬೆನ್ನಿನ ಹೆಚ್ಚುವರಿಯನ್ನು ಒಳಗೆ ಮಡಿಸಿ ಹೊಲಿದಳು. ಗುಂಡುಸೂಜಿ ಎಣಿಸಿದಳು. ಹದಿನಾಲ್ಕು. ಯಾರಿಗೂ ಒಂದು ಮಾತು ಹೇಳಲಿಲ್ಲ.

ಬುಧವಾರ ಮಧ್ಯಾಹ್ನವೇ ಮಗ ಮನೆಗೆ ಬಂದ. ನೆಟ್ಟಗೆ, ಬಾಗಿಲಿನ ಎತ್ತರಕ್ಕೆ ನಿಂತಿದ್ದ. ಮುಖ ಮಾತ್ರ ಸುಟ್ಟ ಬದನೆಕಾಯಿ.

“ಏನಾಯ್ತ್ರೀ?” ಎಂದಳು ಸೊಸೆ.

“ಇಪ್ಪತ್ತಮೂರು ಜನ ಬಗ್ಗಿದಾರೆ, ನಡುವೆ ನಾನೊಬ್ಬ ದೀಪದ ಕಂಬ. ಮ್ಯಾನೇಜರ್ ಎಲ್ಲರ ಮುಂದೇನೇ ಕೇಳ್ದ, ಏನಯ್ಯಾ, ನೀನೇನು ಮಾಲೀಕನಾ ಅಂತ. ನನಗೇ ಗೊತ್ತಿಲ್ಲ ಕಣೇ. ಬೆನ್ನು ಹಗುರಾಗಿದೆ, ಒಳ್ಳೇ ನಿದ್ದೆ ಆಯ್ತೇನೋ ಅಂದ್ಕೊಂಡಿದ್ದೆ. ನಾಳೆ ಸರಿಯಾದ ಉಡುಪಲ್ಲಿ ಬಂದ್ರೆ ಬಾ, ಇಲ್ದಿದ್ರೆ ಬರಲೇಬೇಡ ಅಂದ. ಆ ಇನ್ನೊಂದು ಹೋಟೆಲಿನ ಕೆಲಸಾನೂ ನಿಮಗಿಲ್ಲ ಅಂದ.”

ಸೊಸೆ ನಿಧಾನವಾಗಿ ಅತ್ತೆಯ ಕಡೆ ತಿರುಗಿದಳು. ಆ ಮೇಲೆ ಆಡಿದ ಮಾತುಗಳನ್ನೆಲ್ಲ ಇಲ್ಲಿ ಬರೆದರೆ ಕಾಗದ ಹೊತ್ತಿಕೊಳ್ಳುತ್ತದೆ. ಬೀದಿಯ ನಾಯಿಗಳು ಎದ್ದು ಆಚೆ ಬೀದಿಗೆ ಹೋದವು ಎಂದರೆ ಸಾಕು.

“ಸ್ವಂತ ಮಗನ ಅನ್ನಕ್ಕೆ ಕತ್ತರಿ ಹಾಕಿದ್ರಲ್ಲ!”

“ಅವನ ಬೆನ್ನು ನೋಡ್ದ್ಯೇನೇ? ನೀನು ಮದುವೆಯಾದಾಗ ಹೀಗಿದ್ನಾ ಅವನು?”

“ನಾನು ಮದುವೆಯಾದಾಗ ಅವರಿಗೆ ಕೆಲಸ ಇತ್ತು!”

“ಅಮ್ಮಾ,” ಎಂದ ಮಗ. ಅವನು ಕಿರುಚಲಿಲ್ಲ. ಅದಕ್ಕೇ ಇಬ್ಬರೂ ಸುಮ್ಮನಾದರು. “ಬೆನ್ನು ನಂದು. ಎಷ್ಟು ಬಗ್ಗಬೇಕು ಅಂತ ನಾನು ನೋಡ್ಕೋತೀನಿ. ನಿನ್ನನ್ನ ಯಾರು ಕೇಳಿದ್ರು?”

ಸೂಜಿಯಮ್ಮ ಗುಂಡುಸೂಜಿಯ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡಳು.

ಸೊಸೆ ಉಡುಪನ್ನು ಕಿತ್ತುಕೊಂಡು ತಾನೇ ಬಿಚ್ಚಲು ಕೂತಳು. ಅತ್ತೆಯ ಹೊಲಿಗೆ ಬಿಚ್ಚುವುದೆಂದರೆ ಬಂಡೆಯ ಸಿಪ್ಪೆ ಸುಲಿದ ಹಾಗೆ. ಒಂದು ಗಂಟೆ ಹೆಣಗಿ ಬಿಚ್ಚಿದಳು, ಮಡಿಸಿದಳು, ಹೊಲಿದಳು. ಮಗ ತೊಟ್ಟ. ಎಡಗಡೆಗೆ ವಾಲಿದ. ಮತ್ತೆ ಬಿಚ್ಚಿ ಹೊಲಿದಳು. ಈ ಸಲ ಅವನು ಹಿಂದಕ್ಕೆ ಬಾಗಿ ಸೂರು ನೋಡತೊಡಗಿದ.

“ಅಪ್ಪ ಈಗ ಮೋಡಕ್ಕೆ ಟೀ ಕೊಡ್ತಾರೆ,” ಎಂದಳು ಮೊಮ್ಮಗಳು. ಅವಳ ತಲೆಗೆ ಒಂದು ಮೊಟಕು ಬಿತ್ತು.

ಸೊಸೆ ಉಡುಪನ್ನು ಅತ್ತೆಯ ಕಾಲ ಬುಡಕ್ಕೆ ಎಸೆದಳು. “ತಗೊಳ್ಳಿ. ನೀವು ಕೆಡಿಸಿದ್ದು, ನೀವೇ ಮಾಡಿ. ನನ್ನ ಕೈಲಿ ಆಗಲ್ಲ.”

ಇಷ್ಟು ವರ್ಷದಲ್ಲಿ ಸೊಸೆ ಆ ಮಾತು ಹೇಳಿದ್ದು ಅದೊಂದೇ ಸಲ. ಬೇರೆ ದಿನ ಆಗಿದ್ದರೆ ಸೂಜಿಯಮ್ಮ ಬೀದಿಗೆಲ್ಲ ಸಕ್ಕರೆ ಹಂಚುತ್ತಿದ್ದಳು. ಅಂದು ಸುಮ್ಮನೆ ಎದ್ದು, ಕುರ್ಚಿಯನ್ನು ಬೆನ್ನು ಕೆಳಗಾಗಿ ನೆಲದ ಮೇಲೆ ಮಲಗಿಸಿದಳು.

“ಬಾರೋ. ಮಲ್ಕೋ.”

ಮಗ ಮಲಗಿದ. ಮೊಣಕಾಲು ಎದೆಯ ಹತ್ತಿರ ತಂದ. ಅವನು ಬಸ್ಸಿನಿಂದ ಇಳಿಸಿದವರೆಲ್ಲ ಹೀಗೇ ಮಲಗಿ ಮೇಲಕ್ಕೆ ಹೋಗಿದ್ದರು. ಅವನು ಸೂರಿನ ಜೇಡರಬಲೆ ನೋಡುತ್ತಾ ಮಲಗಿದ್ದ.

“ಬಿಗಿ ಆಯ್ತೇನೋ?”

“ಇಲ್ಲ.”

“ಉಸಿರಾಡು.”

“ಆಡ್ತಿದ್ದೀನಮ್ಮಾ.”

ಅವಳು ಗುಂಡುಸೂಜಿ ಚುಚ್ಚಿ ಗುರುತು ಮಾಡಿದಳು, ಬಿಚ್ಚಿದಳು, ಮಡಿಸಿದಳು, ಒಂದು ಬೆರಳಿಗೆ ಇಪ್ಪತ್ತರಂತೆ ಹೊಲಿದಳು. ಸಂಜೆಯ ಹೊತ್ತಿಗೆ ಮುಗಿಯಿತು. ಮಗ ತೊಟ್ಟು ನಿಂತ. ಇಪ್ಪತ್ತಮೂರು ಜನ ಎಷ್ಟು ಬಗ್ಗಿದ್ದರೋ ಅವನೂ ಅಷ್ಟೇ ಬಗ್ಗಿದ, ಒಂದು ಕೂದಲು ಹೆಚ್ಚಿಲ್ಲ, ಕಮ್ಮಿಯಿಲ್ಲ. ಸೊಸೆ ಸುತ್ತ ತಿರುಗಿ ನೋಡಿ, ನಿಟ್ಟುಸಿರು ಬಿಟ್ಟು, ತಟ್ಟೆ ಹಾಕಲು ಹೋದಳು.

“ಅಜ್ಜಿ, ಎಣಿಸಲ್ವಾ?” ಎಂದಳು ಮೊಮ್ಮಗಳು.

“ಎಣಿಸಿದೆ. ಹದಿನಾಲ್ಕು.”

ಹುಡುಗಿ ತಗಡಿನ ಡಬ್ಬಿ ತೆರೆದು ಕೆಂಪು ತಲೆಗಳನ್ನು ಬೆರಳಲ್ಲಿ ಸರಿಸುತ್ತಾ ಹೋದಳು. ಮತ್ತೊಮ್ಮೆ ಮೊದಲಿಂದ ಸರಿಸಿದಳು. “ಅಜ್ಜಿ, ಹದಿಮೂರೇ...”

ಸೂಜಿಯಮ್ಮ ಡಬ್ಬಿ ಕಸಿದು ಮುಚ್ಚಳ ಒತ್ತಿದಳು. “ಹದಿನಾಲ್ಕು ಅಂದೆನಲ್ಲ. ಹೋಗು, ಊಟ ಆರುತ್ತೆ.”

ಮೂವತ್ತೊಂದು ವರ್ಷದಲ್ಲಿ ಅವಳು ಎಣಿಕೆಯಲ್ಲಿ ಸುಳ್ಳು ಹೇಳಿದ್ದು ಅದೊಂದೇ ಸಲ. ಅಂದು ಅವಳು ಎರಡು ಸಲ ಬಡಿಸಿಕೊಂಡು ಉಂಡಳು.

ಬೆಳಿಗ್ಗೆ ಮ್ಯಾನೇಜರ್ ತಾನೇ ಕಾರು ತಂದು ಮನೆಯ ಮುಂದೆ ನಿಲ್ಲಿಸಿ, ಉಡುಪು ಸರಿಯಾಯಿತೋ ಇಲ್ಲವೋ ನೋಡಲು ಇಳಿದ. ಮಗ ಹೊರಗೆ ಬಂದ. ಉಡುಪು ಬಗ್ಗಿಸಿದಷ್ಟು ಬಗ್ಗಿದ್ದ. ಮ್ಯಾನೇಜರ್ ತಲೆಯಾಡಿಸಿ, “ಹ್ಞಾಂ, ಈಗ ಸರಿ. ನಿನ್ನೆಯ ಕೊಬ್ಬು ಇಳೀತಾ?” ಎಂದ.

“ತಪ್ಪಾಯ್ತು ಸಾರ್,” ಎಂದು ಮಗ ಕೈ ಜೋಡಿಸಿ, ತನ್ನ ಕಡೆಯಿಂದ ಇನ್ನೊಂದು ಚೂರು ಬಗ್ಗಿದ.

“ಅಯ್ಯಯ್ಯೋ!”

ಎದೆ ಹಿಡಿದುಕೊಂಡು ಹಿಂದಕ್ಕೆ ನೆಗೆದ. ಉಡುಪು ಬಿಟ್ಟಷ್ಟು ನೆಟ್ಟಗಾದ. ಅದಕ್ಕಿಂತ ಹೆಚ್ಚು ಆಗಲಿಲ್ಲ.

“ಏನಯ್ಯಾ ಅದು?” ಎಂದ ಮ್ಯಾನೇಜರ್.

ಮಗ ಮನೆಯ ಕಿಟಕಿಯ ಕಡೆ ನೋಡಿದ. ಅಲ್ಲಿ ಸೂಜಿಯಮ್ಮ ಒಂದು ಕಣ್ಣು ಮುಚ್ಚಿ, ದಾರದ ತುದಿ ನೆಕ್ಕಿ, ಸೂಜಿಗೆ ಪೋಣಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ಏನಿಲ್ಲ ಸಾರ್,” ಎಂದ ಮಗ, ಎದೆಯ ಮೇಲೆ ಕೈಯಿಟ್ಟುಕೊಂಡೇ. “ಇಷ್ಟೇ ಬಗ್ಗೋಕಾಗೋದು.”